ಹಳಿ ಮನಿ ಗುಂಪಿನಾಗ ನಳದ ಜಗಳ

ಕಾಕಾ (ಕಲಬುರಗಿ), ಮುಂಜಾನೆ 7:12
ಫಾರ್ವರ್ಡ್: "ನಿಮ್ಮ ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆಯೇ? ಟ್ಯಾಂಕಿನಿಂದ ಇಳಿಯುವ ಒಂದು ಇಂಚಿನ ಪೈಪ್ ತೆಗೆದು ಅರ್ಧ ಇಂಚಿನದು ಹಾಕಿಸಿ. ಪ್ರೆಶರ್ ದುಪ್ಪಟ್ಟು! ಪ್ಲಂಬರ್‌ಗಳು ಹೇಳದ ಗುಟ್ಟು. ಹತ್ತು ಜನಕ್ಕೆ ಕಳಿಸಿ."

ಕಾಕಾ: ನಮ್ಮ ಅಡಗಿಮನಿ ನಳ ಮೂರ್ ತಿಂಗಳಿಂದ ನೂಲಿನಂಗ ಬರ್ಲತ್ತದ. ಮಿಸ್ತ್ರಿಗಿ ಹೇಳೀನಿ, ಐತಾರ ಬರ್ತಾನ.

ಅಕ್ಕ (ಸೇಡಂ): ಪೈಪ್ ಸಣ್ಣ ಮಾಡಿದ್ರ ನೀರು ಕಮ್ಮಿ ಆಗ್ತದ್ರಿ ಕಾಕಾ. ಮಿಸ್ತ್ರಿಗಿ ಬ್ಯಾಡ ಅನ್ರಿ.

ಕಾಕಾ: ನೀ ಸಾಲ್ಯಾಗ ಕಲಿಸೋದು ಬ್ಯಾರೆ. ಪೈಪಿನ ಬಾಯಿಗಿ ಹೆಬ್ಬೆರಳು ಇಟ್ರ ನೀರು ಬೇವಿನ ಗಿಡದ ತುದಿಗಿ ಹೋಗ್ತದ. ಕಣ್ಣಿಲೆ ನೋಡೀನಿ.

ಮಾವ (ಜೇವರ್ಗಿ): ಖರೆ ಅದ. ತೊಗರಿಗಿ ಎಣ್ಣಿ ಹೊಡಿಯೋ ಪಂಪಿಂದೂ ಹಂಗೇ, ಮೂತಿ ಸಣ್ಣದಿದ್ದಷ್ಟು ದೂರ ಹೊಡಿತದ.

ಅಕ್ಕ: ದೂರ ಹೋಗೋದು ಬ್ಯಾರೆ, ಭಾಳ ಬರೋದು ಬ್ಯಾರೆ. ಬಾಯಿ ಅಷ್ಟೇ ಸಣ್ಣ ಮಾಡಿದ್ರ ನೀರು ಜೋರ್ ಚಿಮ್ಮತದ. ಇಡೀ ಪೈಪೇ ಸಣ್ಣ ಮಾಡಿದ್ರ ಉದ್ದಕ್ಕೂ ತಿಕ್ಕಾಡಿ ಒತ್ತಡ ದಾರ್ಯಾಗೇ ಸಾಯ್ತದ. ಒಂದ್ ಇಂಚಿನ ಬಾಯಿ ಅಂದ್ರ ಅರ್ಧ ಇಂಚಿನ ನಾಲ್ಕು ಬಾಯಿ ಲೆಕ್ಕ. ಮುಕ್ಕಾಲು ಪಾಲು ಮುಚ್ಚಲಿಕ್ಕ ರೊಕ್ಕ ಕೊಡ್ಲತ್ತೀರಿ ನೀವು.

ತಮ್ಮ (ಬೆಂಗಳೂರು): ಇಷ್ಟೆಲ್ಲಾ ಯಾಕೆ? ಟ್ಯಾಂಕ್ ಹತ್ರ ಪ್ರೆಶರ್ ಪಂಪ್ ಹಾಕ್ಸಿ.

ನಾನು: ಹಳಿ ಮನ್ಯಾಗ ಇನ್ನೂ ಕಬ್ಬಿಣದ ಜಿಐ ಪೈಪ್ ಅದಾವ, ಒಳಗ ಬರೇ ತುಕ್ಕು. ಪಂಪ್ ಹಾಕಿದ್ರ ಎಲ್ಲೆಲ್ಲಿ ಜಾಯಿಂಟ್ ಸೋತಾವ ಅಂತ ಗೋಡಿನೇ ತೋರಸ್ತದ. ದೇವರ ಖೋಲಿ ಗಿಲಾವ್ ಉದುರಿದ್ದು ಮರ್ತಿ ಏನೋ? "ಹಾಕ್ಸಿ" ಅಂತ, ಬೆಂಗಳೂರ್ ಮಾತು ನೋಡು ಇಂವಂದು.

ಅತ್ತಿ (ಬೀದರ): ಹೋದ ಸಲ ನೌಬಾದದ ಸುರಂಗ ಬಾವಿ ತೋರ್ಸಿದ್ದಿಲ್ಲೇನು? ಬಹಮನಿ ಕಾಲದ್ದು. ಮೋಟಾರ್ ಇಲ್ಲ, ಪಂಪ್ ಇಲ್ಲ. ನೆಲದ ತೆಳಗ ಇಳಿಜಾರಿನ ಮ್ಯಾಲೇ ನೀರು ನಡಿಸ್ಯಾರ.

ಅಕ್ಕ: ಅತ್ತಿ ಬರೋಬ್ಬರಿ ಹೇಳಿದ್ರು. ನಮ್ಮ ಟಾಕಿದೂ ಎತ್ತರದ್ದೇ ಆಟ. 10 ಮೀಟರ್ ಎತ್ತರಕ್ಕ ಚದರ ಸೆಂಟಿಮೀಟರಿಗಿ 1 ಕೆಜಿ ಒತ್ತಡ. ನಮ್ಮದು ನಳಕ್ಕಿಂತ 4 ಮೀಟರ್ ಮ್ಯಾಲ ಅದ, ಅಂದ್ರ 400 ಗ್ರಾಂ. ಇಷ್ಟೇ ಬಂಡವಾಳ. ಪೈಪ್ ಬದಲಿ ಮಾಡಿದ್ರ ಬಂಡವಾಳ ಬೆಳೆಯಂಗಿಲ್ಲ.
ಮೊದಲ ಇದ್ ಹೇಳ್ರಿ. ಎಲ್ಲಾ ನಳ ಸಣ್ಣ ಬರ್ತಾವೋ, ಅಡಗಿಮನಿದೊಂದೇನೋ?

ಕಾಕಾ: ಹಿತ್ತಲದ್ದು ಜೋರ್ ಬರ್ತದ.

ಅಕ್ಕ: ಮತ್ತ ಟಾಕಿ ಪೈಪಿಂದೇನು ತಪ್ಪು? ಹಿತ್ತಲಕ್ಕೂ ಅದರಾಗಿಂದೇ ನೀರು ಹೋಗ್ತದ. ಎಲ್ಲಾ ಕಡಿ ಸಣ್ಣ ಬಂದ್ರ ಟಾಕಿ ಬಾಯಿ, ದೊಡ್ಡ ವಾಲ್ವ್ ನೋಡಬೇಕು, ಇಲ್ಲಾ ಪೈಪಿನಾಗ ಗಾಳಿ ಸಿಕ್ಕಿರ್ತದ. ಬಿಸಿನೀರೊಂದೇ ಸಣ್ಣ ಬಂದ್ರ ಗೀಸರ್ ಕಡಿ, ಸವಳು ನೀರು ಕಾದಂಗೆಲ್ಲ ಸುಣ್ಣ ಹಿಡೀತದ. ಒಂದೇ ನಳ ಅಂದ್ರ ರೋಗ ಆ ನಳದಾಗೇ ಅದ. ಮೂತಿಯಾಗಿನ ಜಾಳಿಗಿ ತಿರುವಿ ಬಿಚ್ರಿ. ಅರಬಿ ಸುತ್ತಿ ಪಾನಾ ಹಚ್ರಿ, ಹೊಳಪು ಹೋದ್ರ ಕಾಕು ಬೈತಾರ.

ಮಾವ: ಸುಣ್ಣಕ್ಕ ಆಸಿಡ್ ಹೊಯ್ರಿ. ಬ್ಲೀಚಿಂಗ್ ಪೌಡರ್ ಕೂಡ್ಸಿದ್ರ ಇನ್ನೂ ಛಲೋ.

ಅಕ್ಕ: ಮಾವಾ!! ಅವೆರಡು ಕೂಡಿದ್ರ ಕ್ಲೋರಿನ್ ಗಾಳಿ ಏಳ್ತದ, ಬಾಗಿಲ ಮುಚ್ಚಿದ ಬಚ್ಚಲದಾಗ ಜೀವಕ್ಕೇ ಬರ್ತದ. ಈ ಮೆಸೇಜ್ ಅಳಿಸ್ರಿ, ಯಾರರೆ ಮಾಡಿಬಿಟ್ಟಾರು. ವಿನೆಗರ್‌ನಾಗ ಒಂದ್ ರಾತ್ರಿ ನೆನೆಹಾಕಿದ್ರ ಸಾಕು. ನಿಂಬಿ ರಸನೂ ನಡೀತದ.

(ಮಾವ ಮೆಸೇಜ್ ಅಳಿಸಿದ್ರು. ಆ ಮ್ಯಾಲ ಒಂದ್ ತಾಸು ಯಾರೂ ಮಾತಾಡ್ಲಿಲ್ಲ.)

ಕಾಕಾ, 10:40: ಬಿಚ್ಚಿದೆ. ಒಳಗ ರವಾ ತುಂಬಿದಂಗ ಬಿಳಿ ಹರಳು.

ನಾನು: ಬೋರಿನ ನೀರಿನ ಪ್ರಸಾದ.

ಕಾಕಾ: ಸಿಂಕಿನ ತೆಳಗಿನ ವಾಲ್ವೂ ತಿರುಗವಲ್ದು.

ಅಕ್ಕ: ಜುಲುಮಿ ಮಾಡಬ್ಯಾಡ್ರಿ! ಮುರಿದ್ರ ಅಡಗಿಮನಿ ಕಲಬುರಗಿ ಅಪ್ಪನ ಕೆರಿ ಆಗ್ತದ. ಟಾಕಿ ವಾಲ್ವ್ ಬಂದ್ ಮಾಡಿ ಮಿಸ್ತ್ರಿ ಕಡಿಂದ ಹೊಸಾದು ಹಾಕಸ್ರಿ. ಆ ಮ್ಯಾಲ ಯುಗಾದಿಗೊಮ್ಮಿ, ದೀಪಾವಳಿಗೊಮ್ಮಿ ತಿರುವಿ ಬಿಡ್ರಿ. ಕೈ ಹಚ್ಚದ ವಾಲ್ವ್ ಬೇಕಾದಾಗ ಕೈ ಕೊಡ್ತದ.

ಕಾಕಾ, 11:25: ನಿಮ್ಮ ಬಾಯಿ ಮುಚ್ಚಸಬೇಕಂತ ಹಿತ್ತಲದಾಗ ಬಕೆಟ್ ಇಟ್ಟು ಮೊಬೈಲ್ ಹಚ್ಚಿ ನೋಡಿದೆ. ಪೈಪಿಗಿ ಹೆಬ್ಬೆರಳು ಇಡದೆ 55 ಸೆಕೆಂಡ್. ಇಟ್ಟು 1 ನಿಮಿಷ 50.

ತಮ್ಮ: ಅಂದ್ರೆ?

ಕಾಕಾ: ಅಂದ್ರ ಏನಿಲ್ಲ. ಹೊರಗ ಚಿಮ್ಮಿ ಹೋಗಿರಬೇಕು.

ಅಕ್ಕ: ಬೇವಿನ ಗಿಡದ ತುದಿಗೇನ್ರಿ?

ಕಾಕಾ, ಮರುದಿನ 8:05: ಜಾಳಿಗಿ ತೊಳದು ಹಾಕಿದೆ. ಈಗ ಬರ್ಲತ್ತದ. ಆದ್ರ 20 ಫೂಟ್ ಅರ್ಧ ಇಂಚಿನ ಪೈಪ್ ಮೊನ್ನೇ ತಂದಿಟ್ಟೀನಿ. ಅಂಗಡಿಯಂವ ವಾಪಸ್ ತೊಗೋವಲ್ಲ.

ಕಾಕು: ಹೀರಿ ಬಳ್ಳಿಗಿ ಹಂದರ ಬೇಕಾಗಿತ್ತು.