ಉಳ್ಳಾಗಡ್ಡಿ ಬೇರಿನಾಗ ಕೋಶ ಒಡೆಯೋದು ಕಾಣವಲ್ದು, ಏನ್ ಮಾಡ್ಲಿ?

ಶಹಾಬಾದ್ ಹುಡುಗಿ:
ಕಲಬುರಗಿದಾಗ ಫಸ್ಟ್ ಪಿಯುಸಿ ಓದ್ಲತ್ತೀನ್ರಿ. ಪ್ರಾಕ್ಟಿಕಲ್‌ಗಂತ ಸೂಪರ್ ಮಾರ್ಕೆಟ್‌ದಿಂದ ಉಳ್ಳಾಗಡ್ಡಿ ತಂದು ಚಹಾ ಗ್ಲಾಸಿನ ಮ್ಯಾಲೆ ಕುಂದ್ರಿಸಿದ್ದೆ. ನಾಕು ದಿನಕ್ಕ ಬೇರು ಬಂದವು. ಅಸಿಟೋಕಾರ್ಮೈನ್ ಅನ್ನೋ ಬಣ್ಣ ಹಾಕಿ ನೋಡಿದ್ರ ಎಲ್ಲಾ ಕೋಶದಾಗೂ ಒಂದೊಂದು ದುಂಡನ ಚುಕ್ಕಿ, ಅಷ್ಟೇ. ಮೂರು ಸ್ಲೈಡ್ ಹಾಳಾದವು. ಪುಸ್ತಕದಾಗಿನ ಚಿತ್ರ ಖರೇನೇ ಏನ್ರಿ?

ಬೀದರ್ ಲ್ಯಾಬ್ ಅಟೆಂಡರ್ (ರಿಟೈರ್ಡ್):
ಎಷ್ಟುದ್ದ ಕತ್ತರಿಸಿದ್ದಿ ತಂಗಿ?

ಶಹಾಬಾದ್ ಹುಡುಗಿ:
ಒಂದು ಇಂಚು ಇರ್ಬೇಕ್ರಿ. ತುದಿ ಭಾಳ ತೆಳ್ಳಗಿತ್ತು, ಅದನ್ನ ಬಿಟ್ಟು ದಪ್ಪ ಕಡೆ ತಗೊಂಡೆ.

ಬೀದರ್ ಲ್ಯಾಬ್ ಅಟೆಂಡರ್ (ರಿಟೈರ್ಡ್):
ಬೇಕಾಗಿದ್ದನ್ನೇ ಒಗೆದಿ ನೋಡು! ಒಡೆಯೋ ಕೋಶ ಇರೋದು ತುದಿಯ 2-3 ಮಿಲಿಮೀಟರ್‌ದಾಗ. ಮ್ಯಾಲಿನವು ಒಡೆಯೋದು ಬಿಟ್ಟು ಬರೇ ಉದ್ದ ಆಗ್ತಾವ. ಮುಂಜಾನಿ ಕತ್ತರಿಸಿ, ಕೂಡ್ಲೆ 3 ಪಾಲು ಆಲ್ಕೊಹಾಲ್, 1 ಪಾಲು ಅಸಿಟಿಕ್ ಆಮ್ಲದಾಗ ಒಂದು ದಿನ ಇಡು. ಕೋಶ ಯಾವ ಹಂತದಾಗ ಇರ್ತದೋ ಅಲ್ಲೇ ನಿಂತುಬಿಡ್ತದ. ಆಮ್ಯಾಲೆ ಹೈಡ್ರೋಕ್ಲೋರಿಕ್ ಆಮ್ಲದಾಗ ಸ್ವಲ್ಪ ಬೆಚ್ಚಗ ಮಾಡು, ಕೋಶ-ಕೋಶದ ನಡುವಿನ ಅಂಟು ಬಿಡ್ತದ. ಬಣ್ಣ ಹಾಕಿ, ಕವರ್ ಸ್ಲಿಪ್ ಮ್ಯಾಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿಂದ ನೆಟ್ಟಗ ಒತ್ತು. ಸರಿಸಬ್ಯಾಡ. ನಮ್ಮಲ್ಲಿ ಹುಡುಗರು ಸರಿಸಿ ಸರಿಸಿ ಕೋಶ ಎಲ್ಲಾ ಸುರುಳಿ ಮಾಡ್ತಿದ್ರು, ಬೈದು ಬೈದು ಸಾಕಾಗಿತ್ತು.

ಯಾದಗಿರಿ ಮೇಷ್ಟ್ರು:
ತುದಿ ಸಿಕ್ಕರೂ ಹೆಚ್ಚಿನವು ಚುಕ್ಕಿಯಾಗೇ ಕಾಣ್ತಾವಮ್ಮ. ಮನುಷ್ಯರ ಕೋಶ ಒಂದು ಸುತ್ತಿಗೆ ಸುಮಾರು 24 ತಾಸು ತಗೊಂಡ್ರ, ಅದರಾಗ ಒಡೆಯೋದು ಒಂದೇ ತಾಸು. ಉಳಿದ ಹೊತ್ತಿನಾಗ ಬೆಳೀತದ, ಡಿಎನ್‌ಎ ಎರಡು ಪಟ್ಟು ಮಾಡ್ಕೊಳ್ತದ. ಅದೇ ಇಂಟರ್‌ಫೇಸ್. ಉಳ್ಳಾಗಡ್ಡಿ ಕೋಶಕ್ಕ 16 ಕ್ರೋಮೋಸೋಮ್, ಅಂದ್ರ ಡಿಎನ್‌ಎ ಸುತ್ತಿಕೊಂಡಿರೋ ಎಳಿ, ಒಡೆದ ಮ್ಯಾಲೆ ಎರಡೂ ಕೋಶಕ್ಕ 16-16. ಗ್ಲಾಸಿನಾಗ ಬರೇ ನೀರು, ಶಕ್ತಿ ಎಲ್ಲಿಂದ ಬಂತು ಅಂತ ವೈವಾದಾಗ ಕೇಳಿದ್ರ, ಗಡ್ಡಿಯೊಳಗಿನ ಸಕ್ಕರೆ ಸುಟ್ಟು ಎಟಿಪಿ, ಅಂದ್ರ ಕೋಶಕ್ಕ ಶಕ್ತಿ ಕೊಡೋ ವಸ್ತು, ಮಾಡ್ಕೊಂಡಾವ ಅನ್ನು. ಅದಕ್ಕ ಆಮ್ಲಜನಕ ಬೇಕು. ನೀರು ದಿನಾ ಬದಲಿಸು, ಗಡ್ಡಿ ಪೂರ್ತಿ ಮುಳುಗಿಸಬ್ಯಾಡ. ಈ ಬಿಸಿಲಿಗೆ ಎರಡೇ ದಿನಕ್ಕ ಕೊಳೀತದ.

ಶಹಾಬಾದ್ ಹುಡುಗಿ:
ಸಿಕ್ತುರಿ!! ಒಂದು ಕೋಶದಾಗ ಎರಡು ಹಣಿಗಿ, ಹಲ್ಲು ಎದುರು-ಬದುರು ಮಾಡಿ ದೂರ ಎಳೆದಂಗ ಅದ. ಕ್ರೋಮೋಸೋಮ್ ಎರಡು ಕಡೆ ಸರಿಯೋ ಹಂತ, ಅನಾಫೇಸೇ ಹೌದಲ್ರಿ? ಅವ್ವ ಅಂತೂ, ಗಡ್ಡಿ ವಾಪಸ್ ಕೊಡು, ಪಲ್ಯಕ್ಕ ಬೇಕು ಅನ್ಲತ್ತಾಳ.

ಬೀದರ್ ಲ್ಯಾಬ್ ಅಟೆಂಡರ್ (ರಿಟೈರ್ಡ್):
ಅದೇ. ಸ್ಲೈಡ್ ಅಂಚಿಗೆ ನೇಲ್ ಪಾಲಿಶ್ ಹಚ್ಚು, ಇಲ್ಲಾಂದ್ರ ಸಂಜಿಗೇ ಒಣಗ್ತದ.