ಮಾವನ ಫಾರ್ವರ್ಡ್, ತೋಟದ ಕೆಲಸದವರು: ಕಾಸರಗೋಡಿನ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು

ಪೆರ್ಲದ ಮಾವ (ಫಾರ್ವರ್ಡ್): "ಹೊರಗಿಂದ ಬಂದ ಕೆಲಸದವರಿಗೆ ಕೇರಳದಲ್ಲಿ ಪುಕ್ಕಟೆ ಚಿಕಿತ್ಸೆ, ಪುಕ್ಕಟೆ ವಿಮೆ, ಪುಕ್ಕಟೆ ಅಕ್ಕಿ. ಇಲ್ಲೇ ಹುಟ್ಟಿದ ನಮಗೇನಿದೆ? ಎಲ್ಲರಿಗೂ ಕಳಿಸಿ."

ಪೆರ್ಲದ ಮಾವ: ಇದರಲ್ಲಿ ಸುಳ್ಳು ಯಾವುದು, ಹೇಳಿ ನೋಡೋಣ.

ಬದಿಯಡ್ಕದ ಭಾವ: ಸುಳ್ಳೇನೂ ಕಾಣುವುದಿಲ್ಲ ಮಾವ.

ನಾನು: ಮಾವ, ದಿನಾ ಅಕ್ಷಯದಲ್ಲಿ, ಅಂದರೆ ಸರಕಾರಿ ಅರ್ಜಿ ತುಂಬುವ ಸೇವಾ ಕೇಂದ್ರದಲ್ಲಿ ಕೂತು ಇದೇ ಅರ್ಜಿಗಳನ್ನು ತುಂಬುವವಳು ನಾನು. ಹಾಗಾಗಿ ಸುಮ್ನೆ ಇರಲು ಆಗುವುದಿಲ್ಲ. ವಿಮೆ ಅಂದರೆ ಹೊರರಾಜ್ಯದ ಕೆಲಸದವರಿಗಾಗಿ ಕೇರಳ ಸರಕಾರ 2017ರಲ್ಲಿ ಶುರುಮಾಡಿದ ಆವಾಜ್ ಯೋಜನೆ. ಶುರುವಿನಲ್ಲಿ ಅದರಲ್ಲಿ ಚಿಕಿತ್ಸೆಗೆ ಇಟ್ಟದ್ದು 15,000 ರೂಪಾಯಿ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ನಮ್ಮೂರಿನ ಬಡ ಕುಟುಂಬಕ್ಕೆ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ. ಈ ಸಾಲು ನಿಮಗೆ ಬಂದ ಮೆಸೇಜಿನಲ್ಲಿ ಯಾಕಿಲ್ಲ?

ನಾನು: ಅಕ್ಕಿಯ ವಿಷಯವೂ ಹಾಗೇ. ಅವರವರ ಊರಿನ ರೇಷನ್ ಕಾರ್ಡಿನಲ್ಲಿ ಅವರ ಹೆಸರಿಗೆ ಇರುವ ಪಾಲನ್ನೇ ಇಲ್ಲಿ ತೆಗೆದುಕೊಳ್ಳಬಹುದು, ಅಷ್ಟೇ. ಇಲ್ಲಿ ತೆಗೆದರೆ ಅಲ್ಲಿ ಅಷ್ಟು ಕಡಿಮೆ. ಜಾಸ್ತಿ ಒಂದು ಕಿಲೋ ಸಿಗುವುದಿಲ್ಲ.

ಪೆರ್ಲದ ಮಾವ: ಸರಿ, ಕಡಿಮೆಯೋ ಜಾಸ್ತಿಯೋ, ಇದೆ ತಾನೇ? ಇರುವಾಗ ಅವರೇ ಹೋಗಿ ಮಾಡಿಸಿಕೊಳ್ಳಲಿ. ನಾವು ಕೈಹಿಡಿದು ಕರೆದುಕೊಂಡು ಹೋಗಬೇಕಾ?

ನಾನು: ಹೌದು ಮಾವ, ಕರೆದುಕೊಂಡು ಹೋಗಬೇಕು. ನನ್ನ ಮಾತು ಇಷ್ಟೇ. ಯೋಜನೆ ಕಾಗದದಲ್ಲಿದೆ, ಜನ ತೋಟದಲ್ಲಿದ್ದಾರೆ. ನಡುವಿನ ದಾರಿ ದಾಟಿಸುವುದು ನಮ್ಮಿಂದ ಮಾತ್ರ ಆಗುವ ಕೆಲಸ. ಇ-ಶ್ರಮ್ ತೆಗೆದುಕೊಳ್ಳಿ, ಅಸಂಘಟಿತ ಕೆಲಸದವರ ಹೆಸರು ಬರೆಸುವ ಕೇಂದ್ರ ಸರಕಾರದ ಪೋರ್ಟಲ್. 2021ರ ಆಗಸ್ಟಿನಲ್ಲಿ ಶುರುವಾದದ್ದು, 16ರಿಂದ 59 ವರ್ಷದವರಿಗೆ. ಆಧಾರಿಗೆ ಜೋಡಿಸಿದ ನಂಬರಿಗೆ ಒಟಿಪಿ ಬರುತ್ತದೆ. ಆ ನಂಬರು ಊರಿನದ್ದು, ಸಿಮ್ ಎಂದೋ ಬದಲಾಗಿದೆ. ಹಾಗಿದ್ದರೆ ಬೆರಳು ಇಡಬೇಕು. ಮೈಲುತುತ್ತು, ಸುಣ್ಣ ಕಲಸಿ ಅಡಿಕೆಗೆ ಬಿಡುವ ಬೋರ್ಡೋ ಮದ್ದು ಮಾಡಿದ ಕೈ ಅದು. ಗೆರೆ ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ಒಂದು ಸಲ ಆಗಲಿಲ್ಲ ಅಂದರೆ ಅವರು ವಾಪಸು ಬರುವುದಿಲ್ಲ. ಯಾಕೆ ಅಂದರೆ ಬಂದ ದಿನದ ಸಂಬಳ ಹೋಗುತ್ತದೆ.

ಮುಳ್ಳೇರಿಯದ ಚಿಕ್ಕಮ್ಮ: ಮಳೆ ಬಿಟ್ಟ ದಿನ ಮದ್ದು ಬಿಡಬೇಕು ಅಂತ ನಾವೇ ಅವರನ್ನು ಬಿಡುವುದಿಲ್ಲ. ಆದಿತ್ಯವಾರ ರಜೆ ಕೊಟ್ಟರೆ ಅವತ್ತು ಎಲ್ಲ ಮುಚ್ಚಿರುತ್ತದೆ. ಅವರು ಹೋಗುವುದಾದರೂ ಯಾವಾಗ?

ಬದಿಯಡ್ಕದ ಭಾವ: ನನ್ನ ಹೆದರಿಕೆ ಬೇರೆ. ಹೆಸರು ಬರೆಸಿದರೆ ನಾಳೆ ಲೇಬರ್ ಆಫೀಸಿನವರು ಮನೆಗೆ ಬರುತ್ತಾರೆ. ಆ ಕಾಯ್ದೆ, ಈ ಕಾಯ್ದೆ ಅಂತ. ನನಗಿರುವುದು ಮೂರು ಎಕರೆ ಅಡಿಕೆ ತೋಟ, ಎಸ್ಟೇಟ್ ಅಲ್ಲ.

ನಾನು: ಭಾವ, ನಿಮ್ಮ ಹೆದರಿಕೆ ನನಗೆ ಗೊತ್ತಾಗುತ್ತದೆ. ಆದರೆ ಕಾಯ್ದೆಯನ್ನು ನೋಡಿ. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆ ಅನ್ವಯ ಆಗುತ್ತಿದ್ದದ್ದು ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ. 2020ರ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದನ್ನು ಹತ್ತಕ್ಕೆ ಏರಿಸಿದ್ದಾರೆ. ನಿಮ್ಮ ತೋಟದ ಇಬ್ಬರು ಎರಡರಲ್ಲೂ ಹೊರಗೆ. ನಿಮಗೆ ತೊಂದರೆ ಇಲ್ಲ, ನಿಜ. ಆದರೆ ಅವರಿಗೆ ರಕ್ಷಣೆಯೂ ಇಲ್ಲ. ನನಗೆ ಸಂಕಟ ಆಗುವುದು ಇಲ್ಲೇ. ದೊಡ್ಡ ಕಂಪೆನಿಯಲ್ಲಿ ದುಡಿಯುವವನಿಗೆ ಇಎಸ್‌ಐ ಆರೋಗ್ಯ ವಿಮೆ ಇರುತ್ತದೆ, ಕೇಳಲು ಯೂನಿಯನ್ ಇರುತ್ತದೆ. ಸಣ್ಣ ತೋಟದ ಶೆಡ್ಡಿನಲ್ಲಿ ಮಲಗುವವನಿಗೆ ತೋಟದ ಯಜಮಾನ ಬಿಟ್ಟರೆ ಯಾರಿದ್ದಾರೆ? ಅವರು ಇಲ್ಲಿದ್ದಾರೆ ಅನ್ನುವುದೇ ಯಾವ ಆಫೀಸಿಗೂ ಗೊತ್ತಿಲ್ಲ.

ಪೆರ್ಲದ ಮಾವ: ಮುಂಗಡ ತೆಗೆದುಕೊಂಡು ರಾತ್ರಿ ಹೇಳದೆ ಹೋದವರನ್ನು ನಾನು ನೋಡಿದ್ದೇನೆ. ನಿನಗೆ ಹೇಳುವುದು ಸುಲಭ.

ನಾನು: ಅಂಥವರು ಇರಬಹುದು ಮಾವ, ಇಲ್ಲ ಅನ್ನುವುದಿಲ್ಲ. ಹೆಸರು, ಊರು, ಗುರುತು ಬರೆಸಿದ್ದರೆ ನಿಮಗೂ ಒಳ್ಳೆಯದೇ ಆಗುತ್ತಿತ್ತು, ಅಲ್ವಾ? ಆದರೆ ಒಬ್ಬ ಓಡಿಹೋದ ಅಂತ ಉಳಿದವರಿಗೆ ಜ್ವರ ಬಂದಾಗ ಡಾಕ್ಟರು ಬೇಡವಾ?

ಮುಳ್ಳೇರಿಯದ ಚಿಕ್ಕಮ್ಮ: ಅಣ್ಣಾ, 2020ರ ಮಾರ್ಚಿನಲ್ಲಿ ಕೊರೋನಾ ಅಂತ ಕರ್ನಾಟಕದವರು ತಲಪಾಡಿ ಗಡಿಯಲ್ಲಿ ದಾರಿ ಮುಚ್ಚಿದ್ದು ಮರೆತು ಹೋಯಿತಾ? ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮಗೆ "ನೀವು ಬೇರೆ ರಾಜ್ಯದವರು" ಅಂದರು. ದಾರಿ ಸಿಗದೆ ಜನ ಸತ್ತರು. ಆವತ್ತು ನೀವು ಎಷ್ಟು ಸಿಟ್ಟಾಗಿದ್ದಿರಿ.

ಪೆರ್ಲದ ಮಾವ: ಅದು ಬೇರೆ, ಇದು ಬೇರೆ.

ನಾನು: ಹೇಗೆ ಬೇರೆ ಮಾವ? ಮಲಯಾಳದ ಫಾರಂ ಕೈಗೆ ಕೊಟ್ಟರೆ ನಾವು ಜಗಳ ಮಾಡುತ್ತೇವೆ. ಮಾಡಲೇಬೇಕು. ಕನ್ನಡದಲ್ಲಿ ಅರ್ಜಿ ಬರೆಯುವ ಹಕ್ಕು ನಮಗೆ 1969ರ ರಾಜ್ಯಭಾಷಾ ಕಾಯ್ದೆಯಿಂದ ಬಂದಿದೆ, ಅದನ್ನು ನೀವೇ ನನಗೆ ಹೇಳಿಕೊಟ್ಟದ್ದು. ಜಾರ್ಖಂಡ್ ಕಡೆಯ ಸಂತಾಲಿ ಭಾಷೆ ಮಾತಾಡುವ ಹುಡುಗ ಅದೇ ಕೌಂಟರಿನ ಎದುರು ನಿಂತರೆ ಅವನ ಪರ ಯಾವ ಕಾಯ್ದೆ ಇದೆ? ಹಿಂದಿಯೂ ಅವನಿಗೆ ಅಷ್ಟಕ್ಕಷ್ಟೆ. ಕಾಗದ ಓದಲಾಗದೆ ನಿಲ್ಲುವುದು ಏನು ಅಂತ ಕಾಸರಗೋಡಿನ ಕನ್ನಡಿಗರಿಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತು?

(ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ.)

ಮುಳ್ಳೇರಿಯದ ಚಿಕ್ಕಮ್ಮ: ನಮ್ಮಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದಾರೆ, ಅಸ್ಸಾಮಿನವರು. ಸಣ್ಣ ಮಗು ಇದೆ. ಅಂಗನವಾಡಿಗೆ ಸೇರಿಸಬಹುದಾ?

ನಾನು: ಸೇರಿಸಬಹುದು ಚಿಕ್ಕಮ್ಮ. ಲಸಿಕೆ ಕಾರ್ಡ್ ಇದ್ದರೆ ಕೊಡಿ. ಬಾಕಿ ಲಸಿಕೆ ಇಲ್ಲೇ ಹಾಕುತ್ತಾರೆ. ಆಶಾ ಕಾರ್ಯಕರ್ತೆಗೆ ನೀವೇ ಒಂದು ಫೋನ್ ಮಾಡಿ, ಶೆಡ್ಡಿನಲ್ಲಿ ಮಗು ಇದೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಕುಟುಂಬ ಆರೋಗ್ಯ ಕೇಂದ್ರದಲ್ಲಿ ಸಂಜೆಯೂ ಒಪಿ ಇರುತ್ತದೆ, ಡಾಕ್ಟರು ನೋಡುತ್ತಾರೆ. ಕೆಲಸ ಬಿಡಿಸಿ ಕಳಿಸಬೇಕಾಗಿಲ್ಲ.

ಬದಿಯಡ್ಕದ ಭಾವ: ನಮ್ಮ ಇಬ್ಬರಿಗೆ ಏನೇನು ಬೇಕು?

ನಾನು: ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಈಗ ಬಳಸುವ ಫೋನು. ಊರಿನ ರೇಷನ್ ಕಾರ್ಡಿನ ಫೋಟೋ ಮನೆಯವರಿಂದ ವಾಟ್ಸಾಪಿನಲ್ಲಿ ತರಿಸಲಿ. ಬೆರಳು ಹಿಡಿಯದಿದ್ದರೆ ಕಣ್ಣಿನ ಸ್ಕ್ಯಾನ್ ಮಾಡೋಣ. ಮದ್ದು ಬಿಡದ ದಿನ, ಮಧ್ಯಾಹ್ನ ಮೇಲೆ ಕರೆದುಕೊಂಡು ಬನ್ನಿ, ಜನ ಕಡಿಮೆ ಇರುತ್ತಾರೆ. ಒಂದೇ ಕೋರಿಕೆ ಭಾವ. ಆ ಅರ್ಧ ದಿನದ ಸಂಬಳ ಹಿಡಿಯಬೇಡಿ.

ಬದಿಯಡ್ಕದ ಭಾವ: ಹಿಡಿಯುವುದಿಲ್ಲ.

ಪೆರ್ಲದ ಮಾವ: ನಾನು ಕಳಿಸಿದ್ದು ಪೂರ್ತಿ ಸುಳ್ಳಲ್ಲ ಅಂತ ಈಗಲೂ ಹೇಳುತ್ತೇನೆ. ಆದರೆ ಗುರುತು ಬರೆಸುವುದು ಒಳ್ಳೆಯದೇ. ನಮ್ಮಲ್ಲಿ ಇರುವವನ ಆಧಾರ್ ಊರಿನಲ್ಲೇ ಇದೆಯಂತೆ. ಅದಕ್ಕೆ ಏನು ಮಾಡುವುದು?

ನಾನು: ನಂಬರು ಗೊತ್ತಿದ್ದರೆ ಸಾಕು ಮಾವ, ಬೆರಳಿಟ್ಟು ಇಲ್ಲೇ ಪ್ರಿಂಟ್ ತೆಗೆಯಬಹುದು. ಅವನನ್ನು ಫೋನಿಗೆ ಕರೆಯಿರಿ, ನಾನೇ ಮಾತಾಡುತ್ತೇನೆ.