ಅಪ್‌ಡೇಟ್: ಅವ್ವನಿಗೆ ಆಗಿದ್ದು ಮರೆವಿನ ಕಾಯಿಲೆ ಅಲ್ಲ

ಬಾಗಲಕೋಟೆಯಲ್ಲಿ ಎಂಡೋಸ್ಕೋಪಿ ಆದಮೇಲೆ ಅವ್ವ ಅರ್ಧ ತಾಸು ನನ್ನ ಜೊತೆ ಚೆನ್ನಾಗೇ ಮಾತಾಡಿ, "ಬುತ್ತಿ ಎಲ್ಲಿಟ್ಟಿ?" ಅಂತ ಕೇಳಿ, ಮರುದಿನ ಅದ್ಯಾವುದೂ ನೆನಪಿಲ್ಲ ಅಂದಳು, ಇದು ಮರೆವಿನ ಕಾಯಿಲೆ ಶುರುವಾಗಿದ್ದಾ ಅಂತ ಕೇಳಿದ್ದೆ ಅಲ್ವಾ? ಮೊನ್ನೆ ಅರಿವಳಿಕೆ ಡಾಕ್ಟರನ್ನೇ ಕೇಳಿದೆ.

ಎಂಡೋಸ್ಕೋಪಿಗೆ ಅಂತ ಕೊಟ್ಟಿದ್ದು ಮಿಡಜೋಲಾಮ್ ಅನ್ನೋ ಮಂಪರು ಬರಿಸೋ ಇಂಜೆಕ್ಷನ್. ಮೆದುಳಿನಲ್ಲಿ ಗಾಬಾ ಅನ್ನೋ ರಾಸಾಯನಿಕ ನರಕೋಶಗಳ ಚಟುವಟಿಕೆ ತಗ್ಗಿಸುತ್ತದೆ, ಈ ಔಷಧ ಅದರ ಪರಿಣಾಮವನ್ನ ಜಾಸ್ತಿ ಮಾಡುತ್ತದೆ. ಆಗ ಹಿಪೊಕ್ಯಾಂಪಸ್ ಅನ್ನೋ ಭಾಗಕ್ಕೆ ಹೊಸ ಸಂಗತಿಯನ್ನ ನೆನಪಾಗಿ ಉಳಿಸೋಕೆ ಆಗಲ್ಲ. ಅಂದ್ರೆ ಅವ್ವನ ನೆನಪು ಅಳಿಸಿಹೋಗಿಲ್ಲ, ಅದು ಮೂಡಲೇ ಇಲ್ಲ. ಎಚ್ಚರ ಇತ್ತು, ಮಾತೂ ಸರಿ ಇತ್ತು, ಅದಕ್ಕೇ ನನಗೆ ಗಾಬರಿ. ಇಂಜೆಕ್ಷನ್‌ಗಿಂತ ಹಿಂದಿನದೆಲ್ಲ ಹಾಗೇ ಇದೆ. ಇಳಕಲ್ ಸೀರೆಯ ದುಡ್ಡು ಯಾರು ಎಷ್ಟು ಬಾಕಿ ಕೊಡಬೇಕು ಅನ್ನೋದು ಒಂದೂ ಮರೆತಿಲ್ಲ!

ವಯಸ್ಸಾದವರಿಗೆ ದೊಡ್ಡ ಆಪರೇಷನ್ ಆದಮೇಲೆ ದಿನಗಟ್ಟಲೆ ಗೊಂದಲ ಇದ್ರೆ ಅದು ಬೇರೆ, ತಕ್ಷಣ ಡಾಕ್ಟರಿಗೆ ಹೇಳಬೇಕಂತೆ. ಇವಳಿಗೆ ಅಂಥದ್ದೇನಿಲ್ಲ. ಗುಳಿಗೆ ಹೇಗೆ ತಗೋಬೇಕು ಅಂತ ಅವತ್ತು ಅವ್ವನಿಗೊಬ್ಬಳಿಗೇ ಹೇಳಿ ಕಳಿಸಿದ್ರು, ಅದನ್ನ ಮಾತ್ರ ನಾನು ಮತ್ತೆ ಕೇಳಿ ಚೀಟಿಯಲ್ಲಿ ಬರೆಸ್ಕೊಂಡು ಬಂದೆ.